ಸೆಲಾ ಎಂಬಲ್ಲಿ ನೀರು ಹುಡುಕಿದ್ದು

ಮಾತಿಗೆ ಹೊರಗಿನ ಅರ್ಥವೊಂದಿದ್ದರೆ ಸಾಕು ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಕನಿಕರ. ನಾನು ಬೆಳೆದದ್ದು ಬರಗೂರಿನ ಕಡೆಯ ಒಂದು ಭಜನೆ ಮನೆಯ ಜಗಲಿಯಲ್ಲಿ. ಅಲ್ಲಿ ಹಾಡುತ್ತಿದ್ದ ತತ್ವಪದಗಳಲ್ಲಿ ಕೋಣ ಬಂದರೆ ಅದು ಕೋಣವಲ್ಲ, ಅಹಂಕಾರ. ಆರು ಜನ ಕಳ್ಳರು ಬಂದರೆ ಪೊಲೀಸರಿಗೆ ಹೇಳಿ ಪ್ರಯೋಜನವಿಲ್ಲ, ಅವರು ಕಾಮಕ್ರೋಧಾದಿಗಳು. ಒಮ್ಮೆ ಗುರುಗಳು ಒಂದು ಕೊಡ ನೀರು ತರಲು ಹೇಳಿದರು. ಕೊಡವೆಂದರೆ ದೇಹ, ನೀರೆಂದರೆ ಪ್ರಾಣ ಎಂದು ಧ್ಯಾನಿಸುತ್ತ ಕುಳಿತಿದ್ದ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಅದಕ್ಕೆ ಮಾತ್ರ ಹೊರಗಿನ ಅರ್ಥವೇ ಇತ್ತು.

ಮುಂದೆ ಮಧುಗಿರಿಯಲ್ಲಿ ಕನ್ನಡ ಮೇಷ್ಟ್ರಾದೆ, ನಿವೃತ್ತನೂ ಆದೆ. ನಿವೃತ್ತಿಯ ಮೇಲೆ ಬೈಬಲ್ ಹಿಡಿದೆ. ಯಾಕೆಂದರೆ ನಮ್ಮ ತತ್ವಪದಗಳ ಗುಟ್ಟುಗಳೆಲ್ಲ ಬಿಡಿಸಿ ಮುಗಿದಿದ್ದವು, ಹೊಸ ಗುಟ್ಟು ಬೇಕಾಗಿತ್ತು. ಮೊದಲ ಓದಿಗೇ ನನಗೆ ರೋಮಾಂಚನವಾಯಿತು. ಯೆರಿಕೋ ಎಂಬ ಕೋಟೆಯನ್ನು ಏಳನೆಯ ದಿನ ಏಳು ಸುತ್ತು ಹಾಕಿ ಕೊಂಬು ಊದಿದರೆ ಗೋಡೆ ಕುಸಿದುಬೀಳುತ್ತದೆ. ದಿನಾ ಬೆಳಗಾದರೆ ಮಧುಗಿರಿಯ ಕೋಟೆಬೆಟ್ಟವನ್ನು ನೋಡುತ್ತ ಹಲ್ಲುಜ್ಜುವವನಿಗೆ ಕೊಂಬಿನಿಂದ ಕೋಟೆ ಬೀಳುವುದಿಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಕೋಟೆಯೆಂದರೆ ದೇಹ, ಏಳು ಸುತ್ತೆಂದರೆ ಏಳು ಚಕ್ರ, ಕೊಂಬೆಂದರೆ ಓಂಕಾರ. ಭೂಮಿಯಿಂದ ಆಕಾಶಕ್ಕೆ ಚಾಚಿದ ಏಣಿಯೊಂದು ಕನಸಿನಲ್ಲಿ ಕಂಡಿತೆಂದು ಇನ್ನೊಂದು ಕಡೆ ಬರುತ್ತದೆ. ಅದು ಬೆನ್ನುಮೂಳೆಯಲ್ಲದೆ ಇನ್ನೇನು? ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಬೈಬಲ್ಲಿನ ಒಳಗುಟ್ಟನ್ನು ಲೋಕಕ್ಕೆ ಬಯಲು ಮಾಡಲು ಸಂಕಲ್ಪ ಮಾಡಿದೆ. ಲೋಕವೇನೂ ಅದಕ್ಕಾಗಿ ಕಾಯುತ್ತಿರಲಿಲ್ಲ. ಆದರೆ ಸಂಕಲ್ಪ ಮಾಡುವವರು ಅದನ್ನೆಲ್ಲ ನೋಡುವುದಿಲ್ಲ.

ಆ ಹೊತ್ತಿಗೇ ಕೊರಟಗೆರೆಯ ಕಣ್ಣಿನ ತಪಾಸಣೆ ಶಿಬಿರದ ಸಾಲಿನಲ್ಲಿ, ಎಲ್ಲರೂ ನರ್ಸಮ್ಮ ಎಂದು ಕರೆಯುವ ನಿವೃತ್ತ ನರ್ಸೊಬ್ಬರು ಸಿಕ್ಕಿದರು. ನನ್ನದು ಬರೀ ಕನ್ನಡಕದ ವಿಷಯ. ಅವರದು ಹಾಗಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಬಾಡುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಇನ್ನೊಂದು ವರ್ಷ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ನರ್ಸಮ್ಮ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ, ಈಗ ಕೊರಟಗೆರೆಯಲ್ಲಿ ತಂಗಿಯ ಜೊತೆ ಇದ್ದರು. ಸಾಲಿನಲ್ಲಿ ಗೋಡೆಯ ಮೇಲಿನ ಸೂಚನೆಯನ್ನು ನಾನು ಗಟ್ಟಿಯಾಗಿ ಓದಿದ್ದೇ ಎಲ್ಲಕ್ಕೂ ಕಾರಣವಾಯಿತು.

"ಮೇಷ್ಟ್ರಾ ನೀವು? ದನಿ ಅಂಗೈತೆ," ಎಂದು ತಿರುಗಿದರು. "ನಂಗೊಂದು ಓದಿ ಹೇಳ್ಬೇಕಲ್ಲ ಸ್ವಾಮಿ."

ವಿಷಯ ಇಷ್ಟು. ಬೈಬಲ್ಲಿನ ಕೀರ್ತನೆಗಳು ನೂರೈವತ್ತು. ಡ್ಯೂಟಿಯ ಕಾಲದಲ್ಲಿ, ಹೆರಿಗೆಯ ಕೋಣೆಯಲ್ಲಿ ಕಾಯುತ್ತ ಕೂತು, ಮೂವತ್ತರಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದರು. ಉಳಿದವು ಪುಸ್ತಕದಲ್ಲೇ ಇದ್ದವು. ಕಣ್ಣು ಮುಚ್ಚಿಕೊಳ್ಳುವುದರೊಳಗೆ ಅವಷ್ಟನ್ನೂ ಒಳಗೆ ತುಂಬಿಕೊಳ್ಳಬೇಕು.

"ಮೊಬೈಲಿನಲ್ಲಿ ಬರುತ್ತದಲ್ಲಮ್ಮ," ಎಂದೆ.

"ಬರ್ತೈತೆ. ಅದರ ಪಾಡಿಗೆ ಅದು ಓಡ್ತೈತೆ. ನಂಗೆ ಅಕ್ಷರ ಕಣ್ಣಿಗೆ ಕಂಡ್ರೇನೇ ಬಾಯಿಗೆ ಬರೋದು. ಭೂತಗನ್ನಡಿ ಹಿಡ್ಕಂಡ್ರೆ ಅಕ್ಷರ ಕಾಣ್ತೈತೆ, ಸಾಲು ತಪ್ಪೋಯ್ತೈತೆ. ನೀವು ಓದ್ತಾ ಇದ್ರೆ ನಾನು ದನಿ ಹಿಡ್ಕಂಡು ಸಾಲಿನ ಮೇಲೆ ಹೋಯ್ತೀನಿ."

"ನಿಮ್ಮ ಚರ್ಚಿನ ಅಯ್ಯನವರು?"

"ಅವ್ರಿಗೆ ಮೂರೂರು. ಇಲ್ಲಿಗೆ ಬರೋದು ತಿಂಗ್ಳಿಗೊಂದ್ಸಲ."

ವಾರಕ್ಕೊಂದು ಸಲ, ಸೋಮವಾರ, ಬರುತ್ತೇನೆಂದು ಒಪ್ಪಿಕೊಂಡೆ. ಪರೋಪಕಾರವೆಂದು ಹೊರಗಿನವರು ತಿಳಿದರು. ಒಳಗಿನ ಅರ್ಥವೆಂದರೆ, ನನ್ನ ನೋಟ್‌ಬುಕ್ಕಿಗೆ ಕೇಳುಗರು ಒಬ್ಬರು ಬೇಕಾಗಿದ್ದರು.

ಮೊದಲ ಸೋಮವಾರವೇ ಮೂರನೆಯ ಕೀರ್ತನೆಯಲ್ಲಿ ಒಂದು ಪದ ಎದುರಾಯಿತು. ವಾಕ್ಯ ಮುಗಿದ ಮೇಲೆ, ಯಾವುದಕ್ಕೂ ಸಂಬಂಧವಿಲ್ಲದಂತೆ, ಒಂಟಿಯಾಗಿ ನಿಂತಿತ್ತು: ಸೆಲಾ. ಮುಂದೆ ಮತ್ತೆ ಸೆಲಾ. ಮೂವತ್ತೆಂಟು ವರ್ಷ ಕನ್ನಡ ಪಾಠ ಮಾಡಿದವನಿಗೆ ಇದು ಸವಾಲು.

"ಏನಮ್ಮ ಇದರ ಅರ್ಥ?"

ಅವರು ಭೂತಗನ್ನಡಿಯಿಂದ ತಲೆ ಎತ್ತದೆ, "ಊರ್ಕೋ ಅಂತ ಸ್ವಾಮಿ," ಎಂದರು.

ನನ್ನ ಮೈ ಜುಮ್ಮೆಂದಿತು. ಊರು! ಬಾಯಲ್ಲಿ ನೀರೂರುವುದು, ಬಾವಿಯಲ್ಲಿ ನೀರೂರುವುದು! ಸೆಲಾ ಎಂದರೆ ಬೇರೇನಲ್ಲ, ನಮ್ಮ ಸೆಲೆ. ಬಾವಿ ತೋಡುವಾಗ ಎಷ್ಟು ಆಳಕ್ಕೆ ಸೆಲೆ ಸಿಕ್ಕಿತೆಂದು ಕೇಳುವ ಈ ಸೀಮೆಯವನಿಗಲ್ಲದೆ ಈ ಗುಟ್ಟು ಇನ್ಯಾರಿಗೆ ಹೊಳೆದೀತು? ನೆತ್ತಿಯಲ್ಲಿ ಅಮೃತದ ಸೆಲೆಯಿದೆ, ಕುಂಡಲಿನಿ ಏರಿದಾಗ ಅದು ಊರುತ್ತದೆ ಎಂದು ಭಜನೆ ಮನೆಯಲ್ಲಿ ಕೇಳಿದ್ದೆನಲ್ಲ! ಹಾಡಿದವನಿಗೆ ಎಲ್ಲೆಲ್ಲಿ ಆ ಅನುಭವವಾಯಿತೋ ಅಲ್ಲಲ್ಲಿ ಗುರುತು ಹಾಕಿ ಹೋಗಿದ್ದಾನೆ. ಕೊರಟಗೆರೆಯ ಹತ್ತಿರದ ಸಿದ್ಧರಬೆಟ್ಟದ ಗುಹೆಯಲ್ಲಿ ಬಂಡೆಯ ಸಂದಿನಿಂದ ನೀರು ಬರುತ್ತದಲ್ಲ, ಅದನ್ನೂ ಇದಕ್ಕೆ ಜೋಡಿಸಿದೆ. ಸಲೀಸಾಗಿ ಕೂತುಕೊಂಡಿತು. ಸುಳ್ಳು ಯಾವಾಗಲೂ ಅಷ್ಟು ಸಲೀಸಾಗಿಯೇ ಕೂತುಕೊಳ್ಳುತ್ತದೆಂದು ಆಗ ಹೊಳೆಯಲಿಲ್ಲ.

ಅಲ್ಲಿಂದ ಮುಂದೆ ನಾಲ್ಕು ತಿಂಗಳು ನನ್ನ ವ್ಯಾಖ್ಯಾನ ಪ್ರವಾಹವಾಗಿ ಹರಿಯಿತು. ಸೆಲಾ ಬಂದಲ್ಲೆಲ್ಲ ಓದು ನಿಲ್ಲಿಸಿ, ಕನ್ನಡಕ ತೆಗೆದು, ಸೆಲೆಯ ತತ್ವವನ್ನು ವಿವರಿಸುತ್ತಿದ್ದೆ. ಸೆಲಾ ಇಲ್ಲದ ಕಡೆ ಯಾಕಿಲ್ಲವೆಂದು ವಿವರಿಸುತ್ತಿದ್ದೆ. ನರ್ಸಮ್ಮ ಭೂತಗನ್ನಡಿಯನ್ನು ಸಾಲಿನ ಮೇಲೆ ಹಿಡಿದೇ ಕಾಯುತ್ತಿದ್ದರು. ಆಗಾಗ, "ಊರ್ಕೋಂಡಿ ಸ್ವಾಮಿ," ಎನ್ನುತ್ತಿದ್ದರು. ಇನ್ನಷ್ಟು ಊರಲಿ, ಉಕ್ಕಲಿ ಎಂಬ ಪ್ರೋತ್ಸಾಹ ಇದು ಎಂದುಕೊಂಡು ನಾನು ದುಪ್ಪಟ್ಟು ಉತ್ಸಾಹದಿಂದ ಉಕ್ಕುತ್ತಿದ್ದೆ. ಒಂದು ದಿನವಂತೂ ಮೂರು ಸಲ ಹೇಳಿದರು. ಇಂಥ ಶ್ರೋತೃಗಳು ಎಲ್ಲಿ ಸಿಗುತ್ತಾರೆಂದು ಬಸ್ಸಿನಲ್ಲಿ ಕಣ್ಣು ಒದ್ದೆಯಾಯಿತು.

ಆ ನಾಲ್ಕು ತಿಂಗಳಲ್ಲಿ ಅವರ ಬಾಯಿಗೆ ಹೊಸದಾಗಿ ಬಂದದ್ದು ಒಂಬತ್ತು ಕೀರ್ತನೆ. ನನ್ನ ನೋಟ್‌ಬುಕ್ಕು ಮಾತ್ರ ತುಂಬಿ, ಎರಡನೆಯದಕ್ಕೆ ಶ್ರೀಕಾರ ಬಿದ್ದಿತ್ತು.

ಮಾಘದ ಒಂದು ಸೋಮವಾರ ಮಧುಗಿರಿಯಲ್ಲಿ ಪಾವಗಡದಿಂದ ಬಂದ ಖಾಸಗಿ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ಪಾವಗಡದ ಕಡೆಯ ಗಂಡ ಹೆಂಡತಿ. ಗಂಡನಿಗೆ ಬಸ್ಸಿನ ಮೇಲೆ, ಡ್ರೈವರಿನ ಮೇಲೆ, ಕಿಟಕಿಯ ಗಾಜಿನ ಮೇಲೆ, ಹೀಗೆ ಕಂಡದ್ದರ ಮೇಲೆಲ್ಲ ಸಿಟ್ಟು.

"ಎಂತಸೇಪು, ಎಷ್ಟೊತ್ತು ನಿಲ್ಲಿಸ್ತಾನೆ ಇವ್ನು! ಇದೇನು ಬಸ್ಸಾ, ಎತ್ತಿನ ಗಾಡಿನಾ? ನಮ್ಮ ಕಾಲದಾಗೆ..."

"ಊರ್ಕೋ!" ಎಂದಳು ಹೆಂಡತಿ.

ನಾನು ನೆಟ್ಟಗೆ ಕುಳಿತೆ. ಈ ಮಹಾತಾಯಿಗೂ ಸೆಲೆಯ ಗುಟ್ಟು ತಿಳಿದಿದೆಯೇ?

ಗಂಡ ಮತ್ತೆ ಬಾಯಿ ತೆರೆದ. "ಅಲ್ಲಾ, ಟಿಕೆಟ್ಟು ಕೊಟ್ಟ ಮ್ಯಾಲೆ..."

"ಊರ್ಕೋ ಅಂಟಿ ಕದಾ!"

ಗಂಡನ ಬಾಯಿ ತಟ್ಟನೆ ಮುಚ್ಚಿತು. ಏನೂ ಊರಲಿಲ್ಲ, ಏನೂ ಉಕ್ಕಲಿಲ್ಲ. ಕಂಡಕ್ಟರನ್ನು ಕರೆದು, ತಗ್ಗಿದ ದನಿಯಲ್ಲಿ, "ಏನಪ್ಪ, ಊರ್ಕೋ ಅಂದರೆ?" ಎಂದೆ.

"ತೆಲುಗು ಸಾರ್. ಬಾಯ್ ಮುಚ್ಕಂಡು ಸುಮ್ಕೆ ಕೂತ್ಕೋ ಅಂತ." ನನ್ನ ಮುಖ ನೋಡಿ, "ನಿಮಗಲ್ಲ ಸಾರ್, ಅವ್ರಿಗೆ," ಎಂದು ಸಮಾಧಾನ ಮಾಡಿದ.

ನನಗೇ ಕಣಪ್ಪ, ನಾಲ್ಕು ತಿಂಗಳಿಂದ ನನಗೇ, ಎಂದು ಹೇಳಬೇಕೆನ್ನಿಸಿತು. ಯೆರಿಕೋ ಕೋಟೆ ಬಿದ್ದದ್ದಾದರೂ ಏಳು ಸುತ್ತಿಗೆ. ನನ್ನ ಕೋಟೆ ಕೊರಟಗೆರೆ ಮುಟ್ಟುವುದರೊಳಗೆ, ಒಬ್ಬ ಹೆಂಗಸಿನ ಎರಡು ಮಾತಿಗೆ ಬಿದ್ದಿತ್ತು.

ನರ್ಸಮ್ಮ ಎಂದಿನಂತೆ ಪುಸ್ತಕ ತೆರೆದು ಕುಳಿತಿದ್ದರು. ಆದರೆ ಪಕ್ಕದಲ್ಲಿ ಹೊಸದೊಂದು ಟೇಬಲ್ ದೀಪವಿತ್ತು. ಬೆಳಿಗ್ಗೆ ಹನ್ನೊಂದಕ್ಕೇ ಅದನ್ನು ಹಚ್ಚಿಕೊಂಡಿದ್ದರು.

"ಹೋದ್ವಾರಕ್ಕಿಂತ ಅಕ್ಷರ ಸಣ್ಣುಕಾಗ್ಬುಟ್ಟವೆ ಮೇಷ್ಟ್ರೇ," ಎಂದರು. ಆ ದನಿಯಲ್ಲಿ ದೂರಿರಲಿಲ್ಲ. ಆದ್ದರಿಂದಲೇ ನನಗೆ ತಡೆಯಲಾಗಲಿಲ್ಲ.

"ಅಮ್ಮ, ಊರ್ಕೋ ಅಂದರೆ ಸುಮ್ಮನಿರು ಅಂತಲೇ?"

"ಇನ್ನೇನು ಮತ್ತೆ?" ಅವರು ಭೂತಗನ್ನಡಿ ಇಳಿಸಿದರು. "ಚಿಕ್ಕೋಳಿದ್ದಾಗ ನಮ್ಮ ಅಯ್ಯನೋರು ಹೇಳ್ಕೊಟ್ಟಿದ್ದು. ಹಾಡ್ತಾ ಹಾಡ್ತಾ ಅಲ್ಲಿ ನಿಲ್ಲು, ಸುಮ್ಕಿರು, ಹೇಳಿದ್ದು ಒಳಿಕ್ಕೆ ಇಳೀಲಿ ಅಂತ. ಹೊಸಕೋಟೇಲಿ ಇದ್ದೂ ಇದ್ದೂ ತೆಲುಗೇ ಬಾಯಿಗೆ ಬರ್ತೈತೆ. ಯಾಕೆ, ನೀವೇನಂದ್ಕಂಡಿದ್ರಿ?"

ಹೇಳಿದೆ. ಸೆಲೆ, ಅಮೃತ, ನೆತ್ತಿ, ಸಿದ್ಧರಬೆಟ್ಟ, ಎಲ್ಲ ಹೇಳಿದೆ. ಅವರು ಮೊದಲು ತಡೆದುಕೊಂಡರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ ನಕ್ಕರು. ಒಳಗಿನಿಂದ ತಂಗಿ ಏನಾಯಿತೆಂದು ಇಣುಕಿ ನೋಡಿಹೋದರು.

"ಅಯ್ಯೋ ನನ್ನಪ್ಪಾ! ಊರ್ಕೋಂಡಿ ಅಂದಷ್ಟೂ ಜಾಸ್ತಿ ಮಾಡ್ತಿದ್ರಲ್ಲ, ಇವ್ರಿಗೆ ಕಿವಿ ಮಂದ ಅಂದ್ಕಂಡು ಮುಂದ್ಲ ಕಿವಿ ಶಿಬಿರಕ್ಕೆ ನಿಮ್ಮ ಹೆಸರು ಬರ್ಸಿದ್ದೆ ನಾನು!"

ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವರು ಮೆಲ್ಲಗೆ ಹೇಳಿದರು. "ನಿಮ್ಮ ಅರ್ಥ ಸುಳ್ಳು ಅನ್ನಾಕಿಲ್ಲ ಸ್ವಾಮಿ. ಅದು ಆಮ್ಯಾಕೂ ಇರ್ತೈತೆ. ನನ್ನ ಕಣ್ಣು ಇರಾಕಿಲ್ಲ."

ಆ ಸೋಮವಾರ ನಾನೊಂದು ಶಪಥ ಮಾಡಿದೆ. ಶಪಥಗಳನ್ನು ಸಭೆಯಲ್ಲಿ, ಕೈಯೆತ್ತಿ, ತಕ್ಕ ಗಾಂಭೀರ್ಯದಿಂದ ಮಾಡಬೇಕೆಂಬುದು ನನ್ನ ಮತ. ಸಭೆ ಸಿಗಲಿಲ್ಲವಾಗಿ ಟೇಬಲ್ ದೀಪದ ಮುಂದೆ ಮಾಡಿದೆ: ನೂರೈವತ್ತು ಮುಗಿಯುವ ತನಕ ಒಂದು ಪದಕ್ಕೂ ಅರ್ಥ ಹೇಳುವುದಿಲ್ಲ, ವಾರಕ್ಕೆ ಒಂದಲ್ಲ, ನಾಲ್ಕು ದಿನ ಬರುತ್ತೇನೆ, ನೋಟ್‌ಬುಕ್ಕು ಮಧುಗಿರಿಯಲ್ಲೇ ಇರುತ್ತದೆ. ಅವರೂ ಒಂದು ಶಪಥ ಮಾಡಿದರು. ದಿನಕ್ಕೊಂದು ಕೀರ್ತನೆ ಒಪ್ಪಿಸದೆ ಊಟಕ್ಕೆ ಕೂರುವುದಿಲ್ಲವೆಂದು. ತಂಗಿ ಅದಕ್ಕೆ ತಿದ್ದುಪಡಿ ತಂದು, ಊಟ ಮಾಡಬಹುದು, ಕಾಫಿ ಇಲ್ಲ ಎಂದು ತೀರ್ಮಾನಿಸಿದರು.

ಆ ಬೇಸಿಗೆ ನಾನು ಪಟ್ಟ ಕಷ್ಟ ಯಾವ ಯೋಗಿಯೂ ಪಟ್ಟಿರಲಾರ. ಹಾಡಿನಲ್ಲಿ ಬಂಡೆ ಬರುತ್ತಿತ್ತು, ಕೋಟೆ ಬರುತ್ತಿತ್ತು, ನೀರಿಗಾಗಿ ಬಾಯಾರಿದ ಜಿಂಕೆ ಬರುತ್ತಿತ್ತು. ಒಂದೊಂದೂ ಒಳಗಿನ ಅರ್ಥ ಹೊತ್ತುಕೊಂಡು ಬಂದು ನನ್ನ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ನಾನು ಅವನ್ನೆಲ್ಲ ಹಾಗೆಯೇ ದಾಟಿಸಿ ಕಳಿಸಿದೆ. ನೂರ ಹತ್ತೊಂಬತ್ತನೆಯದಂತೂ ಮುಗಿಯುವ ಲಕ್ಷಣವೇ ಇಲ್ಲದ ಹಾಡು. ಇಬ್ಬರೂ ಹಲ್ಲು ಕಚ್ಚಿ ಹದಿನೈದು ದಿನ ಅದನ್ನೇ ಹತ್ತಿ ಇಳಿದೆವು. ಸೆಲಾ ಬಂದ ಕಡೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಎಷ್ಟು ಹೊತ್ತು ಕೂರಬೇಕೆಂದು ಪುಸ್ತಕದಲ್ಲಿ ಬರೆದಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗುವುದು, ಬಸ್‌ಸ್ಟ್ಯಾಂಡಿನಲ್ಲಿ ತುಮಕೂರು ತುಮಕೂರು ಎಂದು ಅರಚುವುದು, ಎಲ್ಲ ಕೇಳುತ್ತಿತ್ತು. ಆ ಸುಮ್ಮನಿರುವ ಹೊತ್ತಿನಲ್ಲಿ ಅವರ ತುಟಿ ಅಲುಗುತ್ತಿತ್ತು. ಕಲಿಯುತ್ತಿದ್ದದ್ದು ಅಲ್ಲಿ. ನಾಲ್ಕು ತಿಂಗಳು ನಾನು ಮಾತು ತುಂಬಿ ಮುಚ್ಚಿದ್ದ ಜಾಗ ಅದೇ.

ಸೆಲಾ ಎಂಬುದರ ಅರ್ಥ ದೊಡ್ಡ ದೊಡ್ಡ ಪಂಡಿತರಿಗೂ ಖಚಿತವಿಲ್ಲವೆಂದು ಆಮೇಲೆ ಒಂದು ಕಡೆ ಓದಿದೆ. ಖಚಿತವಿಲ್ಲ ಎಂದ ಜಾಗದಲ್ಲೇ ನನ್ನಂಥವರು ಮನೆ ಕಟ್ಟುವುದು. ಆದರೆ ಶಪಥವಿತ್ತಲ್ಲ, ಸುಮ್ಮನಿದ್ದೆ.

ನೂರ ನಲವತ್ತೈದಕ್ಕೆ ಬಂದಾಗ ಅಕ್ಷರಗಳು ಹೋದವು. ಅಂದು ಅವರು ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು, ದೀಪ ತಿರುಗಿಸಿದರು. ಆಮೇಲೆ ಅದನ್ನು ಮಡಚಿದ ಕರ್ಚೀಫಿನ ಮೇಲೆ ಇಟ್ಟರು.

"ಬಿಳೀ ಹಾಳೆ ಕಾಣ್ತೈತೆ ಮೇಷ್ಟ್ರೇ. ಅಷ್ಟೇಯ."

ಆರು ಉಳಿದಿದ್ದವು. ಕಣ್ಣಿಗೆ ಕಾಣದೆ ಬಾಯಿಗೆ ಬಾರದೆಂದು ಅವರೇ ಹೇಳಿದ್ದರು. ನನಗೆ ಏನು ತೋಚಿತೋ, ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡು ಅರ್ಧ ಸಾಲು ಓದಿ ನಿಲ್ಲಿಸಿದೆ.

"ಯಾಕೆ ನಿಂತ್ರಿ? ಅಲ್ಲಿ ಸೆಲಾ ಐತಾ?"

"ಇಲ್ಲ. ನಾನು ಹಾಕಿದೆ."

ಅವರು ತುಂಬ ಹೊತ್ತು ಅಲುಗಲಿಲ್ಲ. ಬೆರಳು ಮಾತ್ರ ತೊಡೆಯ ಮೇಲೆ, ಅಲ್ಲಿ ಇಲ್ಲದ ಸಾಲೊಂದರ ಉದ್ದಕ್ಕೂ, ಮೆಲ್ಲಗೆ ಹೋಯಿತು. ಆಮೇಲೆ ಆ ಅರ್ಧ ಸಾಲನ್ನು ತಪ್ಪಿಲ್ಲದೆ ಒಪ್ಪಿಸಿದರು. ನನ್ನ ನಾಲಿಗೆಯ ತುದಿಗೆ ಒಳಗಣ್ಣು ಎಂಬ ಮಾತು, ಅದರ ಹಿಂದೆ ಭ್ರೂಮಧ್ಯ, ಆಜ್ಞಾಚಕ್ರ, ಎಲ್ಲವೂ ಸಾಲುಗಟ್ಟಿ ಬಂದು ನಿಂತವು. ಇಡೀ ಬದುಕಿನಲ್ಲಿ ಇಷ್ಟು ತಕ್ಕ ಸಂದರ್ಭ ಇನ್ನೊಂದು ಸಿಕ್ಕಿರಲಿಲ್ಲ. ನುಂಗಿಕೊಂಡು, ಉಳಿದ ಅರ್ಧ ಸಾಲು ಓದಿದೆ.

ಆರು ಕೀರ್ತನೆಗೆ ಇಪ್ಪತ್ತು ದಿನ ಹಿಡಿಯಿತು. ಕೊನೆಯದನ್ನು ಒಪ್ಪಿಸಿದ ದಿನ ಯಾರೂ ಕೇಳದೆಯೇ ತಂಗಿ ಕಾಫಿ ತಂದಿಟ್ಟರು. ನರ್ಸಮ್ಮ ಲೋಟವನ್ನು ತಡಕಿ ಹಿಡಿದುಕೊಂಡು, ನಾನಿದ್ದ ಕಡೆಗೆ ಸುಮಾರಾಗಿ ತಿರುಗಿದರು.

"ನಂದು ಮುಗೀತು. ಈಗ ನಿಮ್ದು ಶುರು ಮಾಡಿ. ಆ ಏಳು ಸುತ್ತಿನ ಕೋಟೆ ಕತೆ, ಸೆಲೆ ಕತೆ. ತಂದಿದ್ದೀರಾ ಬುಕ್ಕು?"

ತಂದಿದ್ದೆ. ಮುಗಿಯುವ ದಿನವೆಂದು ಗೊತ್ತಿತ್ತಲ್ಲ, ಚೀಲದ ತಳದಲ್ಲಿ ಅಡಗಿಸಿ ತಂದಿದ್ದೆ. ಶ್ರೀಕಾರದಿಂದ ಶುರುಮಾಡಿ, ಮೂಲಾಧಾರದಿಂದ ಹೊರಟು, ಉಸಿರು ತೆಗೆದುಕೊಳ್ಳದೆ ನಾಲ್ಕು ಪುಟ ಓದಿದೆ.

"ಸ್ವಾಮಿ," ಎಂದರು. "ಅಲ್ಲೊಂದು ಸೆಲಾ ಹಾಕ್ಕಳಿ."

ಜೇಬಿನಿಂದ ಪೆನ್ನು ತೆಗೆದು, ಅವರು ಹೇಳಿದ ಜಾಗದಲ್ಲೇ ಬರೆದುಕೊಂಡೆ.