ಎಲ್ಲಕ್ಕಿಂತ ಕಡಿಮೆ ಓಡುವ ಗಾಡಿ

ನಮ್ಮ ಮನೆಯಲ್ಲಿ ರಾತ್ರಿಯ ಊಟ ಹಗಲಿನಲ್ಲೇ ಆಗುತ್ತದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಅಡುಗೆಮನೆಯಲ್ಲಿ ಬಾಯಿಗೆ ಸಂಬಂಧಪಟ್ಟ ಯಾವ ಕೆಲಸವೂ ನಡೆಯುವುದಿಲ್ಲ. ಹೊರಗಿನವರಿಗೆ ಇದು ಧರ್ಮದ ವಿಷಯವಾಗಿ ಕಂಡೀತು. ಮಹಾರಾಷ್ಟ್ರದ ಮಿರಜೆಯಲ್ಲಿ ಅಂಗಡಿಯನ್ನೂ ಪಕ್ಕದ ಹಳ್ಳಿ ಬೇಡಗದಲ್ಲಿ ಮನೆಯನ್ನೂ ಇಟ್ಟುಕೊಂಡಿರುವ ನನಗೆ ಅದು ಶುದ್ಧ ಸಾರಿಗೆಯ ವಿಷಯ.

ಅಂಗಡಿಯಿಂದ ಮನೆಗೆ ಹನ್ನೆರಡೂವರೆ ಕಿಲೋಮೀಟರ್. ಹೊಲಕ್ಕೆ ಬೇಕಾಗುವ ಪೈಪು, ಬೆಂಡು, ವಾಲ್ವು, ಹನಿ ನೀರಾವರಿಯ ಚಿಲ್ಲರೆ ಸಾಮಾನು ಮಾರುತ್ತೇನೆ. ದಿನವಿಡೀ ನೊಣ ಹೊಡೆಯುತ್ತ ಕೂತಿರುತ್ತೇನೆ. ಸಂಜೆ ಶಟರನ್ನು ಅರ್ಧಕ್ಕೆ ಎಳೆದದ್ದೇ ತಡ, ಮ್ಹೈಸಾಳದ ಕಡೆಯ ಯಾವನೋ ಕಬ್ಬಿನ ರೈತನಿಗೆ ತನ್ನ ಪೈಪು ಒಡೆದದ್ದು ನೆನಪಾಗುತ್ತದೆ. ಅವನು ಶಟರಿನ ಕೆಳಗಿನಿಂದ ಬಗ್ಗಿ ಒಳಗೆ ಬರುತ್ತಾನೆ. ಆ ಹೊತ್ತಿಗೆ ಬೇಡಗದಲ್ಲಿ ನನ್ನ ಹೆಂಡತಿ ರೊಟ್ಟಿ ಬಡಿಯಲು ಕೂತಿರುತ್ತಾಳೆ.

ಹಿಂದಿನ ವರ್ಷದವರೆಗೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ನಾನು ತಡವಾದರೆ ಅವಳು ಹಗಲಿರುವಾಗಲೇ ಉಂಡು ಮುಗಿಸುತ್ತಿದ್ದಳು. ಆಮೇಲೆ ನಮ್ಮ ಕಡೆಗೆ ಒಬ್ಬ ಮುನಿಗಳು ಬಂದರು. ಚಾತುರ್ಮಾಸದ ನಾಲ್ಕು ತಿಂಗಳಿಗೆ ಎಲ್ಲರೂ ಒಂದೊಂದು ನಿಯಮ ತೆಗೆದುಕೊಂಡರು. ನಾನು ಹಾಗಲಕಾಯಿ ಬಿಟ್ಟೆ. ಅದನ್ನು ನಾನು ಹುಟ್ಟಿದಾಗಿನಿಂದ ತಿಂದಿಲ್ಲವಾದ್ದರಿಂದ ನಿಯಮ ಮುರಿಯುವ ಭಯ ಇರಲಿಲ್ಲ. ನನ್ನ ಹೆಂಡತಿ, ಗಂಡ ಉಂಡ ಮೇಲೆಯೇ ಸಂಜೆಯ ಊಟ ಎಂದು ನಿಯಮ ಮಾಡಿಕೊಂಡಳು. ಅಂದರೆ ನಾನು ಸೂರ್ಯನಿಗಿಂತ ಹಿಂದೆ ಬಿದ್ದರೆ ಅವಳು ಮರುದಿನ ಬೆಳಗಿನ ತನಕ ಉಪವಾಸ. ಕಟ್ಟುನಿಟ್ಟಿನವರು ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ ಮೊದಲೇ ಕೈ ತೊಳೆಯುತ್ತಾರೆ. ನನ್ನ ಮುಖ ನೋಡಿ ಆ ಎರಡು ಗಳಿಗೆಯನ್ನು ಅವಳು ಬಿಟ್ಟುಕೊಟ್ಟಿದ್ದಳು.

ಆದರೂ ನಾನು ಹಿಂದೆ ಬಿದ್ದೆ. ಒಂದು ಸಲವಲ್ಲ. ತಡವಾದ ದಿನ ಅವಳು ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿ, ಕಾಲು ಚಾಚಿ ಕೂತು, ಟಿವಿ ನೋಡುತ್ತಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಾನೂ ಅವಳೊಂದಿಗೆ ಉಪವಾಸವಿರುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿದೆ, ಆದರೆ ನಾಲ್ಕು ಗಂಟೆಗೆ ಮಿರಜೆಯಲ್ಲಿ ತಿಂದ ಎರಡು ವಡಾಪಾವು ಬಿಡುತ್ತಿಲ್ಲ.

ತಪ್ಪು ಗಾಡಿಯದು ಎಂದು ನಾನು ಸಾರಿದೆ. ನನ್ನ ಹಳೆಯ ಸ್ಕೂಟರ್ ಹತ್ತು ಕಿಕ್ಕಿಗೆ ಒಂದು ಸಲ ಕೆಮ್ಮುತ್ತದೆ. ಪೆಟ್ರೋಲ್ ಪಂಪಿನಲ್ಲಿ ಸಾಲು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರಾಕ್ಟರುಗಳು. ಇದಕ್ಕೆಲ್ಲ ಒಂದೇ ಮದ್ದು ಚಾರ್ಜಿಂಗ್ ಗಾಡಿ ಎಂದು ನಾನೇ ತೀರ್ಮಾನಿಸಿ, ಮುಂದಿನ ಆಷಾಢ ಬರುವ ಮೊದಲೇ ಸಾಂಗ್ಲಿ ರಸ್ತೆಯ ಒಂದು ಶೋರೂಮಿಗೆ ಹೋದೆ.

ಅಲ್ಲಿದ್ದ ಹುಡುಗಿ ಮರಾಠಿಯವಳು. ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ಅವಳು ನನ್ನನ್ನು ಏನಾದರೂ ಕೇಳುವ ಮೊದಲೇ ನಾನೇ ಅವಳನ್ನು ಕೇಳತೊಡಗಿದೆ. ಮಳೆಯಲ್ಲಿ ಶಾಕ್ ಹೊಡೆಯುತ್ತದೆಯೇ? ಚಾರ್ಜಿಗೆ ಹಚ್ಚಿದಾಗ ಬೆಂಕಿ ಹತ್ತಿದರೆ? ಕರೆಂಟು ಹೋದರೆ? ಎಮ್ಮೆ ಅಡ್ಡ ಬಂದರೆ ಈ ಸಪ್ಪಳವಿಲ್ಲದ ಗಾಡಿ ಅದಕ್ಕೆ ಹೇಗೆ ತಿಳಿಯಬೇಕು? ಪ್ರವಾಹ ಬಂದರೆ ಬ್ಯಾಟರಿ ಗತಿಯೇನು? ಅವಳು ಎಲ್ಲಕ್ಕೂ ಶಾಂತವಾಗಿ ಉತ್ತರಿಸಿದಳು. ಕೊನೆಯದಕ್ಕೆ ಮಾತ್ರ, ಬೇಡಗಕ್ಕೆ ಕೃಷ್ಣೆಯ ನೀರು ಏರಿ ಬಂದ ದಿನ ಸಾಂಗ್ಲಿಯೇ ಇರುವುದಿಲ್ಲ, ಆಗ ಬ್ಯಾಟರಿಯ ಚಿಂತೆ ಮಾಡಲು ನಾವ್ಯಾರೂ ಉಳಿದಿರುವುದಿಲ್ಲ ಎಂದಳು. ನನಗೆ ಎಷ್ಟೋ ನಿರಾಳವಾಯಿತು.

ಆಮೇಲೆ ಅವಳು ಕೇಳಿದಳು: "ಕಾಕಾ, ರೋಜಚಂ ರನಿಂಗ್ ಕಿತಿ?"

ದಿನಕ್ಕೆ ಎಷ್ಟು ಓಡುತ್ತೀರಿ ಎಂದು. ಹೋಗಿಬಂದು ಇಪ್ಪತ್ತೈದು ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಎಲ್ಲರೂ ಹೀಗೇ ಹೇಳುತ್ತಾರಂತೆ, ಗಾಡಿ ಕೊಂಡ ಮೇಲೆ ನಡುದಾರಿಯಲ್ಲಿ ನಿಂತು ಶೋರೂಮಿಗೆ ಫೋನ್ ಮಾಡುತ್ತಾರಂತೆ. ಎಂಟು ದಿನ ದಿನಾ ಸಂಜೆ ಮೀಟರಿನ ಅಂಕಿ ಬರೆದುಕೊಂಡು ಬನ್ನಿ, ಅದನ್ನು ನೋಡಿ ಗಾಡಿ ಹೇಳುತ್ತೇನೆ ಎಂದಳು. ನನ್ನ ಸ್ಕೂಟರಿನಲ್ಲಿ ಸುಳ್ಳು ಹೇಳದ ಭಾಗ ಎಂದರೆ ಆ ಮೀಟರ್ ಒಂದೇ.

ಬರೆಯಲು ನಾನು ಆರಿಸಿಕೊಂಡ ಜಾಗ ಅಡುಗೆಮನೆಯ ಗೋಡೆಯ ಪಂಚಾಂಗ. ಮೂರ್ಖತನ ಅಲ್ಲೇ ಆಯಿತು. ಅದರಲ್ಲಿ ಪ್ರತಿ ತಾರೀಖಿನ ಕೆಳಗೆ ಸೂರ್ಯಾಸ್ತದ ವೇಳೆ ಅಚ್ಚಾಗಿರುತ್ತದೆ. ನನ್ನ ಹೆಂಡತಿ ದಿನಕ್ಕೆ ನಾಲ್ಕು ಸಲ ನೋಡುವ ಕಾಗದ ಅದು. ಮೊದಲ ದಿನ ಮೂವತ್ಮೂರು ಕಿಲೋಮೀಟರ್ ಬಂತು. ಎರಡನೆಯ ದಿನ ನಲವತ್ತೊಂದು. ಮೂರನೆಯ ದಿನ ಮತ್ತೆ ಮೂವತ್ಮೂರು. ನಾಲ್ಕನೆಯ ದಿನ ಸಂಜೆ ಅವಳು ಪಂಚಾಂಗದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

ಹೆಚ್ಚಿನ ಎಂಟು, ಹದಿನಾರು ಕಿಲೋಮೀಟರ್ ಎಲ್ಲಿಂದ ಬಂದವು ಎಂದು ಕೇಳಿದಳು. ಮಾಲು ತರಲು ಕುಪವಾಡ ಎಂಐಡಿಸಿಯ ಕಾರ್ಖಾನೆಗೆ ಹೋಗಿದ್ದೆ ಎಂದೆ. ದಿನಾ? ದಿನಾ ಎಂದೆ. ಮಾಲು ಎಲ್ಲಿ ಎಂದಳು. ನಾನು ನೀರು ಕುಡಿದೆ.

"ಬ್ಯಾರೆ ಮನಿ ಏನರ ಮಾಡೀರೇನ್ರಿ?" ಎಂದಳು. ಮರುಕ್ಷಣ ತಾನೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ಲ, ಮಾಡಿದ್ರೂ ಅಕಿಗೆರ ಬುದ್ಧಿ ಬ್ಯಾಡೇನು" ಎಂದು ಹಿಟ್ಟು ನಾದಲು ಹೋದಳು.

ನಿಜ ಹೇಳಬಹುದಿತ್ತು. ಆದರೆ ಆ ಗಳಿಗೆಯಲ್ಲಿ ನಿಜಕ್ಕಿಂತ ಬೇರೆ ಮನೆಯೇ ಹೆಚ್ಚು ಮರ್ಯಾದೆಯದ್ದಾಗಿ ಕಂಡಿತು. ನಿಜ ಏನೆಂದರೆ, ಶಟರಿಗೆ ಕೀಲಿ ಹಾಕಿ ಹೊರಟ ನನಗೆ, ಮಿರಜೆ ದಾಟಿ, ಅಂಗಡಿಯಿಂದ ಸರಿಯಾಗಿ ನಾಲ್ಕನೆಯ ಕಿಲೋಮೀಟರಿನಲ್ಲಿ ಒಂದು ಬೇವಿನ ಮರ ಬರುತ್ತಲೇ, ಕೀಲಿ ಹಾಕಿದೆನೋ ಇಲ್ಲವೋ ಎಂಬ ಸಂಶಯ ಬರುತ್ತದೆ. ತಿರುಗಿ ಹೋಗುತ್ತೇನೆ. ಕೀಲಿ ಇರುತ್ತದೆ. ಜಗ್ಗಿ ನೋಡಿ ಮತ್ತೆ ಹೊರಡುತ್ತೇನೆ. ಅದೇ ಮರದ ಬಳಿ ಕೆಲವು ದಿನ ಮೇನ್ ಸ್ವಿಚ್ಚಿನ ನೆನಪಾಗುತ್ತದೆ. ಮೊದಲು ಪಕ್ಕದ ಗೊಬ್ಬರದ ಅಂಗಡಿಯವನಿಗೆ ಫೋನ್ ಮಾಡಿ ನೋಡಲು ಹೇಳುತ್ತಿದ್ದೆ. ಅವನು ಒಳ್ಳೆಯವನು, ಬೇಸತ್ತು ಒಂದು ದಿನ ಕೀಲಿಯ ಫೋಟೋ ತೆಗೆದು ಕಳಿಸಿದ. ಅದು ಹಿಂದಿನ ದಿನದ ಫೋಟೋ ಇರಬಹುದು ಎಂದು ನಾನು ತಿರುಗಿ ಬಂದು ನೋಡುತ್ತಿದ್ದಾಗ ಅವನಿನ್ನೂ ಅಂಗಡಿಯಲ್ಲೇ ಇದ್ದ. ಅಂದಿನಿಂದ ನನ್ನ ಫೋನ್ ಎತ್ತುವುದಿಲ್ಲ.

ಎಂಟನೆಯ ದಿನ ಹೆಂಡತಿ ರವಿಕೆ ಬಟ್ಟೆಯ ನೆಪ ಹೇಳಿ ಬಸ್ಸಿನಲ್ಲಿ ಮಿರಜೆಗೆ ಬಂದಳು. ಸಂಜೆ ನನ್ನ ಜತೆಗೇ ಬರುತ್ತೇನೆ ಎಂದು ಅಂಗಡಿಯಲ್ಲಿ ಕೂತಳು. ಅಂದು ಸೂರ್ಯಾಸ್ತ ಏಳು ದಾಟಿ ಹತ್ತು ನಿಮಿಷಕ್ಕೋ ಏನೋ ಇತ್ತು. ಆರೂ ಕಾಲಿಗೆ ಶಟರ್ ಎಳೆದೆ. ಅವಳು ನೋಡುತ್ತಿರುವಾಗಲೇ ಕೀಲಿ ಹಾಕಿದೆ, ಜಗ್ಗಿದೆ, ಇನ್ನೊಮ್ಮೆ ಜಗ್ಗಿದೆ. ಸಮಯ ಬೇಕಾದಷ್ಟಿತ್ತು. ಇವತ್ತೊಂದು ದಿನ ತಡೆದುಕೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೊರಟೆ.

ಬೇವಿನ ಮರ ಬಂತು. ಗಾಡಿ ತಾನಾಗಿ ನಿಂತಿತು. ನಾನು ನಿಲ್ಲಿಸಲಿಲ್ಲ ಎಂದು ಈಗಲೂ ಹೇಳುತ್ತೇನೆ.

"ಯಾಕ್ರಿ?"

"ಕೀಲಿ."

"ಹಾಕಿದ್ದು ನಾನಽ ನೋಡೇನಲ್ರಿ."

"ನೀ ಕೀಲಿ ನೋಡಿದಿ. ಕೊಂಡಿ ನೋಡಿದ್ಯೇನು?"

ಅವಳು ಸೆರಗು ಬಿಗಿದು ಕೂತಳು. ತಿರುಗಿ ಹೋದೆವು. ಕೀಲಿಯೂ ಇತ್ತು, ಕೊಂಡಿಯೂ ಇತ್ತು. ಗೊಬ್ಬರದ ಅಂಗಡಿಯವನು ಹೊರಗೆ ಬಂದು ನನ್ನ ಹೆಂಡತಿಗೆ ಕೈ ಮುಗಿದ. ಆ ನಮಸ್ಕಾರದಲ್ಲಿ ಸಾಂತ್ವನವಿತ್ತು. ಮತ್ತೆ ಹೊರಟೆವು. ಮರದ ಬಳಿ ಮೇನ್ ಸ್ವಿಚ್ಚು ನೆನಪಾಯಿತು. ಈ ಸಲ ಅವಳು ಯಾಕೆಂದೂ ಕೇಳಲಿಲ್ಲ. ಮತ್ತೆ ತಿರುಗಿ, ಮತ್ತೆ ನೋಡಿ, ಬೇಡಗ ಮುಟ್ಟಿದಾಗ ಏಳೂ ಇಪ್ಪತ್ತು. ಮೋಡ ಕವಿದಿತ್ತು, ಸೂರ್ಯ ಇದ್ದಾನೋ ಹೋದನೋ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಪಂಚಾಂಗಕ್ಕೆ ಮೋಡವಿಲ್ಲ.

ಅವಳು ಕಾಲು ತೊಳೆದು ಬಂದು ಪಂಚಾಂಗದ ಮುಂದೆ ನಿಂತಳು. ಅಂದಿನ ತಾರೀಖಿನ ಚೌಕದಲ್ಲಿ ನಲವತ್ತೊಂದು ಎಂದು ತಾನೇ ಬರೆದಳು. ಮಧ್ಯಾಹ್ನದಿಂದ ಅವಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಚಾತುರ್ಮಾಸ ಇನ್ನೂ ಶುರುವಾಗಿರದಿದ್ದರೂ ಹೊತ್ತು ಮುಳುಗಿದ ಮೇಲೆ ಉಣ್ಣುವುದು ಅವಳಿಗೆ ಯಾವ ದಿನವೂ ಇಲ್ಲ. ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದಳು.

"ಹೋದ ವರ್ಷ ನಾ ಉಪಾಸ ಬಿದ್ದದ್ದು ಈ ಕೀಲಿಗೇನ್ರಿ?"

ಹೌದು ಎಂದೆ. ಅಷ್ಟು ಸಣ್ಣ ಹೌದು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಪೆಟ್ರೋಲ್ ಸಾಲು, ಟ್ರಾಕ್ಟರು, ಕಿಕ್ಕು, ಒಂದು ವರ್ಷ ನಾನು ಹೊರಿಸಿದ್ದ ಆರೋಪಗಳಿಂದ ಎಲ್ಲರೂ ಒಟ್ಟಿಗೇ ಬಿಡುಗಡೆಯಾದರು. ವಡಾಪಾವಿನ ವಿಷಯ ಆಗಲೂ ಹೇಳಲಿಲ್ಲ. ಇದನ್ನು ಓದಿದರೆ ಅವಳಿಗೆ ತಿಳಿಯುತ್ತದೆ.

ಮರುದಿನ ಶೋರೂಮಿಗೆ ಇಬ್ಬರೂ ಹೋದೆವು. ಎಂಟು ದಿನದ ಅಂಕಿಗಳನ್ನು ನೋಡಿ ಹುಡುಗಿ ಖುಷಿಯಾದಳು. ಕಾಕಾ ಇಪ್ಪತ್ತೈದು ಎಂದಿದ್ದರು, ನೋಡಿ, ನಲವತ್ತೊಂದು, ಇಂಥವರಿಗೆ ದೊಡ್ಡ ಬ್ಯಾಟರಿಯೇ ಬೇಕು ಎಂದು ನಮ್ಮನ್ನು ಒಂದು ದೊಡ್ಡ ನೀಲಿ ಗಾಡಿಯ ಬಳಿ ಕರೆದೊಯ್ದಳು. ಒಮ್ಮೆ ಚಾರ್ಜ್ ಮಾಡಿದರೆ ನೂರರ ಮೇಲೆ ಓಡುತ್ತದಂತೆ. ನನ್ನ ಮನಸ್ಸು ಆಗಲೇ ಲೆಕ್ಕ ಹಾಕಿತು: ದಿನಕ್ಕೆ ಒಂಬತ್ತು ಸಲ ಸಂಶಯಪಟ್ಟರೂ ಚಾರ್ಜ್ ಉಳಿಯುತ್ತದೆ. ಇಷ್ಟು ಬಿಡುವಾಗಿ ಚಿಂತೆ ಮಾಡುವ ಸೌಕರ್ಯ ನನಗೆ ಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ. ಸೀಟಿನ ಮೇಲೆ ಕೈಯಾಡಿಸುತ್ತ ನಿಂತೆ.

ಹೆಂಡತಿ ಆ ಗಾಡಿಯ ಕಡೆ ನೋಡಲೂ ಇಲ್ಲ. ಹುಡುಗಿಗೆ ಕೇಳಿದಳು: "ನಿಮ್ಮ ಕಡೆ ಎಲ್ಲಾಕಿಂತ ಕಡಿಮಿ ಓಡೂ ಗಾಡಿ ಯಾವುದವಾ?"

ಹುಡುಗಿ ತನಗೆ ಕನ್ನಡ ಸರಿಯಾಗಿ ತಿಳಿಯಲಿಲ್ಲ ಎಂದುಕೊಂಡಳು. ಹೆಂಡತಿ ಮರಾಠಿಯಲ್ಲಿ ಇನ್ನೊಮ್ಮೆ ಕೇಳಿ, ಕೀಲಿಯ ಕಥೆಯನ್ನೂ ಬೇವಿನ ಮರವನ್ನೂ, ಯಾವುದನ್ನೂ ಬಿಡದೆ ವಿವರಿಸಿದಳು. ನಾನು ಗೋಡೆಯ ಮೇಲಿನ ಗಾಡಿಗಳ ಚಿತ್ರಗಳನ್ನು ಅಭ್ಯಾಸ ಮಾಡಿದೆ. ಕಥೆ ಮುಗಿಯುವಷ್ಟರಲ್ಲಿ ಹುಡುಗಿ ಇವಳನ್ನು ಚಿಕ್ಕಮ್ಮನ ಹಾಗೆ ಕಾಕು, ಕಾಕು ಎನ್ನುವಷ್ಟು ಅವರಿಬ್ಬರೂ ಹತ್ತಿರವಾಗಿದ್ದರು. ಹುಡುಗಿ ಹಿಂದಿನ ಮೂಲೆಯಿಂದ ಒಂದು ಸಣ್ಣ ಬೂದು ಗಾಡಿಯನ್ನು ತಳ್ಳಿಕೊಂಡು ಬಂದಳು. ಲೈಸೆನ್ಸ್ ಬೇಡದ, ಗಂಟೆಗೆ ಇಪ್ಪತ್ತೈದರ ಮೇಲೆ ಹೋಗದ ಗಾಡಿ. ಕಾಲೇಜಿಗೆ ಹೋಗುವ ಹುಡುಗಿಯರು ಒಯ್ಯುತ್ತಾರಂತೆ. ಕಾಗದದ ಮೇಲೆ ಐವತ್ತು ಕಿಲೋಮೀಟರ್. ಕಾಕಾನ ತೂಕಕ್ಕೆ ಮೂವತ್ತು, ಬಹಳವಾದರೆ ಮೂವತ್ತೆರಡು ಎಂದಳು.

ಹೆಂಡತಿ ಬೆರಳು ಮಡಚಿದಳು. ಹೋಗಿಬರಲು ಇಪ್ಪತ್ತೈದು. ಒಂದು ಸಲ ತಿರುಗಿದರೆ ಮೂವತ್ಮೂರು. ತಿರುಗಿದ ದಿನ ಬೇಡಗ ಕಾಣುವ ಮೊದಲೇ ಗಾಡಿ ನಿಲ್ಲುತ್ತದೆ. "ಇದಽ ಇರಲಿ" ಎಂದಳು.

ಅಂಗಡಿಯಲ್ಲಿ ಹಚ್ಚಿಕೊಳ್ಳಲು ಇನ್ನೊಂದು ಚಾರ್ಜರ್ ಸಿಗುತ್ತದೆಯೇ ಎಂದು ನಾನು ಕೇಳಿದೆ. ಹುಡುಗಿ ಹೆಂಡತಿಯ ಮುಖ ನೋಡಿ, ಸ್ಟಾಕ್ ಇಲ್ಲ ಎಂದಳು. ಅವಳ ಹಿಂದಿನ ಕಪಾಟಿನಲ್ಲಿ ಏಳೆಂಟು ಡಬ್ಬಿಗಳಿದ್ದವು. ಇದ್ದ ಒಂದು ಚಾರ್ಜರ್ ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ವಾಸವಾಗಿದೆ.

ಈ ವರ್ಷವೂ ಹೆಂಡತಿ ಅದೇ ನಿಯಮ ತೆಗೆದುಕೊಂಡಳು. ಚಾತುರ್ಮಾಸದ ಮೊದಲ ದಿನ ಮಳೆ ಸಣ್ಣಗೆ ಜಿನುಗುತ್ತಿತ್ತು. ಮುಚ್ಚುವ ಹೊತ್ತಿಗೆ ಒಬ್ಬ ಗಿರಾಕಿ ಬಂದು ಕಾಲು ಗಂಟೆ ತಿಂದ. ಆರೂ ಇಪ್ಪತ್ತಕ್ಕೆ ಹೊರಟೆ. ಕಾಲೇಜು ಹುಡುಗಿಯರ ಗಾಡಿಯ ಮೇಲೆ ರೇನ್‌ಕೋಟ್ ಹಾಕಿಕೊಂಡ ನಡುವಯಸ್ಸಿನ ವ್ಯಾಪಾರಿ. ಒಬ್ಬ ಸೈಕಲ್ಲಿನವನು ನನ್ನನ್ನು ಹಿಂದೆ ಹಾಕಿ ಹೋಗುವಾಗ ತಿರುಗಿ ನೋಡಿದ. ಮರದ ಬಳಿ ನಿಂತೆ. ಗಾಡಿಯ ಪರದೆಯಲ್ಲಿ ಐದು ಗೆರೆಗಳಲ್ಲಿ ಎರಡು ಉಳಿದಿದ್ದವು. ಕೀಲಿ ಹಾಕಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಶಟರ್ ಗಾಳಿಗೆ ಮೇಲೆದ್ದಿರುವುದು, ಇಡೀ ಮಿರಜೆ ಸಾಲಾಗಿ ನಿಂತು ನನ್ನ ವಾಲ್ವುಗಳನ್ನು ಹೊತ್ತೊಯ್ಯುತ್ತಿರುವುದು ಕಣ್ಣಿಗೆ ಕಟ್ಟಿತು. ಹ್ಯಾಂಡಲ್ ಅರ್ಧ ಹೊರಳಿಸಿಯೂ ಆಗಿತ್ತು. ಆಗ ಎರಡನೆಯ ಗೆರೆ ಒಮ್ಮೆ ಮಿಣುಕಿತು. ಅಂಗಡಿ ಅತ್ತ ಕಡೆ, ಆ ಹೊತ್ತಿಗೆ ರೊಟ್ಟಿ ಬಡಿದು ಕಾಯುತ್ತಿದ್ದವಳು ಇತ್ತ ಕಡೆ. ಎರಡಕ್ಕೂ ಸಾಲುವಷ್ಟು ಚಾರ್ಜ್ ಇರಲಿಲ್ಲ. ವಾಲ್ವುಗಳನ್ನು ಮಿರಜೆಯ ಜನರಿಗೆ ದಾನ ಮಾಡಿದೆನೆಂದು ತಿಳಿದು ಮುಂದೆ ಹೊರಟೆ.

ಮನೆ ಮುಟ್ಟಿದಾಗ ಏಳಕ್ಕೆ ಎರಡು ನಿಮಿಷ. ಹೆಂಡತಿ ಪಂಚಾಂಗ ನೋಡಿದಳು, ಗಡಿಯಾರ ನೋಡಿದಳು, ನನ್ನನ್ನು ನೋಡಲಿಲ್ಲ, ತಾಟು ಹಾಕಿದಳು. ಆ ಸಂಜೆ ನಾನು ಜೀವನದಲ್ಲೇ ಅತ್ಯಂತ ವೇಗವಾಗಿ ಉಂಡೆ. ಒಂದು ರೊಟ್ಟಿ, ಹೀರೇಕಾಯಿ ಪಲ್ಯೆ, ಕೈ ತೊಳೆದೆ. ಆಮೇಲೆ ಅವಳು ಕೂತಳು. ಹೊರಗೆ ಇನ್ನೂ ಬೆಳಕಿತ್ತು.

ನಾನು ಎದುರಿಗೆ ಕೂತಿದ್ದೆ. ಆಗ ಕೀಲಿಯ ಯೋಚನೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಚೆನ್ನಾಗಿಯೇ ಇತ್ತು. ಮೊದಲ ರೊಟ್ಟಿ ಮುಗಿಸಿ ಅವಳು ಕಿಟಕಿಯ ಕಡೆ ಒಮ್ಮೆ ನೋಡಿ, ಬುಟ್ಟಿಯಿಂದ ಎರಡನೆಯದನ್ನು ತೆಗೆದುಕೊಂಡಳು. ಇವಳು ಸಂಜೆಗೆ ಒಂದೇ ರೊಟ್ಟಿ ಉಣ್ಣುವವಳು ಎಂದು ನಾನು ಹೋದ ಚಾತುರ್ಮಾಸದಿಂದ ತಿಳಿದಿದ್ದೆ, ಬಂಧುಗಳ ಮುಂದೆ ಹೊಗಳಿಯೂ ಇದ್ದೆ. ಎರಡನೆಯದಕ್ಕೆ ಅವಳಿಗೆ ವೇಳೆ ಸಿಕ್ಕಿರಲಿಲ್ಲ, ಅಷ್ಟೆ. ಪಲ್ಯೆ ಇನ್ನಷ್ಟು ಬಡಿಸಲೇ ಎಂದು ಕೇಳಿದೆ. ಬಾಯಿ ತುಂಬಿದ್ದರಿಂದ ಅವಳು ತಾಟನ್ನೇ ನನ್ನ ಕಡೆ ಸರಿಸಿದಳು.