ಅದು ಆಟದ ತಮಟೆ ಅಲ್ಲವಂತೆ

ಹೋದ ಭಾನುವಾರ ಗುರುತು ಪರಿಚಯವಿಲ್ಲದ ಒಬ್ಬರ ಮನೆ ಬಾಗಿಲಲ್ಲಿ ನಿಂತು ನಗುನಗುತ್ತಾ ತಮಟೆ ಬಾರಿಸಿದೆ. ಮನೆಯವರು ನಗಲಿಲ್ಲ.

ಯಾವ ತಮಟೆ? ಎರಡು ವಾರದ ಹಿಂದೆ ಇದೇ ಜಾಗದಲ್ಲಿ ಕೊಚ್ಚಿಕೊಂಡಿದ್ದೆನಲ್ಲ, ಅದೇ. (ಓದದವರಿಗಾಗಿ ಇನ್ನೊಮ್ಮೆ: ಸಂತೇಬೆನ್ನೂರಿನ ಸಂತೆಯಲ್ಲಿ ಗುಜರಿಯವನ ರಾಶಿಯೊಳಗೆ, ಮುರಿದ ಸೀಮೆಎಣ್ಣೆ ಸ್ಟೌವಿನ ಕೆಳಗೆ ಸಿಕ್ಕಿದ್ದು. ಊಟದ ತಟ್ಟೆಯಷ್ಟಗಲ.) "ಆಟದ ಸಾಮಾನು ಅಕ್ಕಾರೆ, ಹಳೇ ಕಾಲದ್ದು, ತಗಳ್ರಿ. ಹಿಂಗೆ ಮಾಡೋರು ಈಗ ಎಲ್ಲವ್ರೆ?" ಎಂದ. ತೆಗೆದುಕೊಂಡೆ. ಹಳೆಯದು ಎಂದರೆ ನನಗೆ ಮೊದಲಿಂದಲೂ ಹುಚ್ಚು. "ನನ್ನನ್ನೂ ಅದಕ್ಕೇ ಇಟ್ಟುಕೊಂಡಿದಾಳೆ" ಎನ್ನುತ್ತಾರೆ ನಮ್ಮ ಯಜಮಾನರು.

ಹೊನ್ನಾಳಿಗೆ ತಂದು, ಒರೆಸಿ, ಷೋಕೇಸಿನಲ್ಲಿಟ್ಟೆ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಅಂಕಣದಲ್ಲೂ ಬರೆದೆ. ಯಾವ ಅಪ್ಪ ತನ್ನ ಮುದ್ದಿನ ಮಗನಿಗೆ ಇಷ್ಟು ಅಚ್ಚುಕಟ್ಟಾಗಿ ಮಾಡಿಸಿಕೊಟ್ಟನೋ, ಆ ಮಗು ಎಷ್ಟು ಕುಣಿಯಿತೋ ಎಂದೆಲ್ಲ ಬರೆದು, ಕೊನೆಗೆ "ಈಗ ಅದು ನಮ್ಮದು" ಎಂದು ಮುಗಿಸಿದ್ದೆ. ಚನ್ನಗಿರಿ, ನ್ಯಾಮತಿಯಿಂದೆಲ್ಲ ಮೆಚ್ಚಿಗೆಯ ಕಾರ್ಡು ಬಂದವು. (ಬರೆದವರು ದಯವಿಟ್ಟು ವಾಪಸ್ಸು ತೆಗೆದುಕೊಳ್ಳಿ.)

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ತಮಟೆಯ ಮರದ ಬಳೆಯ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಅಕ್ಷರ ಕಂಡಿತು: ಸೊಕ್ಕೆ. ಜಗಳೂರು ತಾಲ್ಲೂಕಿನ ಊರು. ಆಹಾ, ಶುರುವಾಯಿತು ನನ್ನ ರಿಸರ್ಚು! ಆ ಮಗುವನ್ನು ಹುಡುಕಿ, ಈಗ ದೊಡ್ಡವನಾಗಿರುವ ಅವನ ಕೈಗೇ ತಮಟೆ ಕೊಟ್ಟು ಫೋಟೋ ತೆಗೆದರೆ ಎಂಥಾ ಲೇಖನ! ಮೈದುನನ ಕ್ಯಾಮೆರಾ ಇಸಿದುಕೊಂಡು ಬಸ್ಸು ಹತ್ತಿದೆ. ತಮಟೆ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಪಕ್ಕದವರಿಗೆ ಅದರ ಪುರಾಣ ಹೇಳಿಕೊಂಡೇ ಹೋದೆ.

ಸೊಕ್ಕೆಯಲ್ಲಿ ಇಳಿದು ಅಂಗಡಿ ಕಟ್ಟೆಯವರಿಗೆ ತೋರಿಸಿದೆ. "ಓ, ಹಲಗೆ" ಎಂದು ಊರಾಚೆಯ ಓಣಿಯ ಕಡೆ ಕೈ ಮಾಡಿದರು. ಯಾರದು, ಯಾಕೆ, ಒಂದೂ ಕೇಳಲಿಲ್ಲ. ನಾವು ತಮಟೆ ಎನ್ನುವುದಕ್ಕೆ ಈ ಕಡೆ ಹಲಗೆ ಎನ್ನುತ್ತಾರೆ, ಅಷ್ಟೇ ತಾನೇ ಎಂದುಕೊಂಡೆ. ಓಣಿಯಲ್ಲಿ ಕೇಳಿದಾಗ ಕೊನೆಯ ಹೆಂಚಿನ ಮನೆ ತೋರಿಸಿದರು.

ಜಗುಲಿಯ ಗೋಡೆಗೆ ಬುದ್ಧನ ಪಟ. ಅದರ ಕೆಳಗೆ ಮನೆಯ ಯಜಮಾನರು ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಜಗಳೂರಿನ ಆಫೀಸೊಂದರಲ್ಲಿ ಗುಮಾಸ್ತರು. (ಹೆಸರು ಬರೆಯಬೇಡಿ ಎಂದಿದ್ದಾರೆ.) ನಾನೋ, ಸರ್‌ಪ್ರೈಸ್ ಕೊಡುವ ಉಮೇದಿನಲ್ಲಿ ಹೊಸ್ತಿಲ ಮುಂದೆ ನಿಂತು ಡಬ್ ಡಬ್ ಎಂದು ಎರಡೇಟು ಹಾಕಿಯೇಬಿಟ್ಟೆ.

ಒಳಗಿಂದ ಅವರ ಹೆಂಡತಿ ಓಡಿ ಬಂದರು. ನನ್ನ ಕೈ ನೋಡಿದವರೇ, "ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ!" ಎಂದರು. ಪಿಶಾಚಿ ಎಂದದ್ದು ನನಗೇ ಎಂದುಕೊಂಡೆ. ಅಲ್ಲ, ತಮಟೆಗೆ.

"ನಿಲ್ಲಿಸ್ರಿ" ಎಂದರು ಗುಮಾಸ್ತರು. ಜೋರಾಗೇನೂ ಅಲ್ಲ. ಮಗಳು ಕತ್ತು ಉದ್ದ ಮಾಡಿ "ಅದೇನಪ್ಪಾ?" ಎಂದಳು. "ಒಳಗೆ ಹೋಗವ್ವ" ಎಂದರಷ್ಟೇ.

ನಾನು ಅಂಕಣ ಬರೆಯುವವಳು ಎಂದು ಹೇಳಿಕೊಂಡೆ. ಆಗಲೂ ಹೆಮ್ಮೆಯಿಂದಲೇ, ನೋಡಿ!

"ಓದಿದೀನಿ ರೀ. ಯಾರೋ ಅಪ್ಪ ಮಗನಿಗೆ ಮಾಡಿಸಿಕೊಟ್ಟಿರಬೇಕು ಅಂತ ಬರೆದಿದ್ರಿ. ನಿಜ, ನಮ್ಮಪ್ಪನೇ ಮಾಡಿಕೊಟ್ಟಿದ್ದು. ಆಡಾಕಲ್ಲ. ಅಪ್ಪಂದು ದೊಡ್ಡದು, ನನಗೆ ಹೊರಾಕೆ ಆಗ್ತಿರಲಿಲ್ಲ. ಅದಕ್ಕೆ ನನ್ನ ಅಳತೇಗೆ ಇದು. ಊರಾಗೆ ಯಾರು ಸತ್ರೂ ಹೆಣದ ಮುಂದೆ ಬಾರಿಸಿಕೊಂಡು ಹೋಗಬೇಕಿತ್ತು. ಕೈ ಸೋತ್ರೆ ಬೈಗುಳ."

"ಆಗ ನಿಮಗೆ ಎಷ್ಟು ವಯಸ್ಸು?" ಎಂದೆ. ಬಾಯಿಗೆ ಬಂದದ್ದು ಅಷ್ಟೇ.

"ಆರೋ ಏಳೋ. ನಿಮಗೂ ಆ ವಯಸ್ಸಿಗೇ ಕೈಗೆ ಹಲಗೆ ಕೊಟ್ಟಿರ್ತಾರೆ, ಅಲ್ಲೇನ್ರೀ? ನಿಮ್ಮದು ಬಳಪದಾಗೆ ಬರೆಯೋ ಹಲಗೆ. ನನ್ನದು ಇದು."

ಅದೂ ಹಲಗೆ, ಇದೂ ಹಲಗೆ. ಕನ್ನಡ ಬರೆದೇ ನಾಲ್ಕು ಜನರ ಬಾಯಲ್ಲಿ ಹೆಸರು ಮಾಡಿಕೊಂಡವಳಿಗೆ ಇದು ಹೊಳೆದದ್ದು ಆ ಜಗುಲಿಯ ಮೇಲೆ. ಒಳಗೆ ಗೀಚಿದ ಅಕ್ಷರವನ್ನು ಬೆರಳಿಟ್ಟು ತೋರಿಸಿದೆ.

"ನಾನೇ ಬರೆದಿದ್ದು. ಸ್ಕೂಲಿಗೆ ಹೋಗಿದ್ದು ತಡವಾಗಿ, ಸ್ಲೇಟು ಇರಲಿಲ್ಲ. ಕಲಿತಿದ್ದನ್ನ ಬರೆಯಾಕೆ ಮನೇಲಿ ಇದ್ದ ಹಲಗೆ ಇದೊಂದೇ." ಮಗಳು ಒಳಗೇ ಇದ್ದಾಳೆಂದು ತಿರುಗಿ ನೋಡಿಕೊಂಡು ಹೇಳಿದರು, "ಅಪ್ಪ ಹೋದ ಮೇಲೆ, ನಮ್ಮ ಮನೆಯೋರು ಇನ್ನು ಬಾರಿಸಾಕೆ ಬರಲ್ಲ ಅಂತ ಊರಿಗೆ ಹೇಳಿದೆ. ಇದನ್ನ ಗುಜರಿಯವನಿಗೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗಂಡ್ವಿ. ಇದರ ಸದ್ದು ಹೆಂಗಿರ್ತೈತೆ ಅಂತ ಮಗಳಿಗೆ ಗೊತ್ತಾಗಬಾರದು ಅಂತಿತ್ತು. ನೀವು ತಂದು ಬಾಗಿಲಾಗೇ ಬಾರಿಸಿದ್ರಿ."

ನಾಚಿಕೆಯಿಂದ ಕುಗ್ಗಿಹೋದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಹೆಂಡತಿ ಚಹಾ ಕೊಟ್ಟರು, ಕುಡಿದೆ, ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ನೀಲಿ ಬಕೆಟ್ಟು ಬಾಗಿಲ ಪಕ್ಕದಲ್ಲೇ ಇತ್ತು. "ಇದನ್ನ ಏನಾರ ಮಾಡ್ಕಳ್ರಿ. ಇಲ್ಲಿ ಮಾತ್ರ ಬಿಟ್ಟು ಹೋಗಬ್ಯಾಡ್ರಿ" ಎಂದು ಆಕೆ ತಮಟೆಯನ್ನು ನನ್ನ ಕೈಗೇ ಕೊಟ್ಟು ಕಳಿಸಿದರು.

ಇಷ್ಟೇ ಆಗಿದ್ದರೆ, ತಿಳಿಯದೆ ಆದ ತಪ್ಪು, ಕ್ಷಮಿಸಿ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ.

ವಾಪಸ್ಸು ಬರುವಾಗ ತಮಟೆಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ಕಾಲ ಬುಡದಲ್ಲಿಟ್ಟು ಸೆರಗು ಇಳಿಬಿಟ್ಟೆ. ಅದೇ ಚರ್ಮ, ಅದೇ ಬಳೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಅದರಲ್ಲಿ ಬದಲಾದದ್ದಾದರೂ ಏನು? ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿದಳು. ತನ್ನ ಸೀರೆ ಅತ್ತ ಎಳೆದುಕೊಂಡು ಕೇಳಿದಳು:

"ಇದೇನವ್ವಾ, ಹಲಗೆ? ನಿಮ್ಮದೇನು?"

"ಅಯ್ಯೋ, ನಮ್ಮದಲ್ಲಜ್ಜಿ!" ಎಂದೆ. ಆಕೆ ಕೇಳಿ ಮುಗಿಸುವ ಮೊದಲೇ ಎಂದೆ.

ಹಾಗಾದರೆ ಎರಡು ವಾರದ ಹಿಂದೆ "ಈಗ ಅದು ನಮ್ಮದು" ಎಂದು ಬರೆದ ಕೈ ಯಾರದು?