ಬಣ್ಣದ ಗುರುತು ಬೀಳದ ಪಿಕಪ್

ನನ್ನ ಗಂಡ ನನ್ನ ತಮ್ಮನ ತುಟಿ ಒಡೆದದ್ದು ಒಂದು ಹಳೆಯ ಪಿಕಪ್ ಗಾಡಿಗಾಗಿ. ಮನೆಯ ಬೆಕ್ಕಿನ ಮೇಲೂ ಕೈ ಎತ್ತಿದವರಲ್ಲ ಇವರು. ಅದಕ್ಕೇ ಇರಬೇಕು, ಆ ದಿನದ ಒಂದೊಂದು ಸಂಗತಿಯೂ ನನಗೆ ನೆನಪಿದೆ.

ಗಾಡಿ ಇದ್ದದ್ದು ಮೊಳಕಾಲ್ಮೂರಿನಲ್ಲಿ. ಮುಂದೆ ಉದ್ದನೆಯ ಮೂಗು, ಗುಂಡನೆಯ ಎರಡು ದೀಪ, ಹಿಂದೆ ಮರದ ಹಲಗೆಯ ತೊಟ್ಟಿ. ನಾವು ಹುಟ್ಟುವ ಮುಂಚಿನದು. ಮದುವೆ ಗೊತ್ತಾದ ಹುಡುಗ ಹುಡುಗಿ ಫೋಟೊ ತೆಗೆಸಿಕೊಳ್ಳಲು ಇಂಥ ಗಾಡಿಯನ್ನು ಬಾಡಿಗೆಗೆ ಕೇಳುತ್ತಾರೆಂದು ಕುರಿ ಸಂತೆಯಲ್ಲಿ ಯಾರೋ ಇವರ ತಲೆಗೆ ತುಂಬಿದ್ದರು. ಮಾಲೀಕರು ಹೇಳಿದ ಬೆಲೆ ಐದು ಲಕ್ಷ. ನಮ್ಮ ಅಡುಗೆಮನೆಯ ತಗಡು ತೆಗೆಸಿ ಆರ್‌ಸಿಸಿ ಹಾಕಿಸಲು ನಾನು ಕೂಡಿಟ್ಟದ್ದೂ ಅದಕ್ಕೇ ಹೋಗಬೇಕಿತ್ತು. ಹಾಗಾಗಿ ನಾನೂ ಹೊರಟೆ. ಚಳ್ಳಕೆರೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ತಮ್ಮನನ್ನೂ ಬಸ್ಸು ಹತ್ತಿಸಿಕೊಂಡೆವು.

ಮಾಲೀಕರು ಎಪ್ಪತ್ತು ದಾಟಿದವರು, ಇವರ ಹಾಗೇ ಕುರಿ ವ್ಯಾಪಾರಿ. ನಮ್ಮವರು ಕುರಿಯ ಬೆನ್ನು ಅದುಮಿ ನೋಡುವಂತೆ ಬಾನೆಟ್ಟಿನ ಮೇಲೆ ಅಂಗೈ ಒತ್ತಿ ಸವರಿದರು. ಅಷ್ಟೇ ಪರೀಕ್ಷೆ. ನನ್ನ ತಮ್ಮ ತನ್ನ ಚೀಲದಿಂದ ಸುತ್ತಿಗೆ ತೆಗೆದು ಗಾಡಿಯಡಿ ತೂರುವಷ್ಟರಲ್ಲಿ ಇಬ್ಬರೂ ಕೂತು, ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ಬೆಲೆ ಮಾತಾಡಿ ಮುಗಿಸಿದ್ದರು. ಸಂತೆಯಲ್ಲಿ ಹಾಗೆಯೇ, ಪಕ್ಕದವನಿಗೆ ಬೆಲೆ ತಿಳಿಯಬಾರದು; ಟವೆಲ್ ಕೆಳಗೆ ಕೈ ಕೊಟ್ಟ ಮೇಲೆ ಮಾತಿನಿಂದ ಹಿಂದೆ ಸರಿಯುವ ಹಾಗೂ ಇಲ್ಲ.

"ನಾಲ್ಕೂವರೆಗೆ ಮುಗೀತು" ಅಂದರು ಇವರು.

ಗಾಡಿಯಡಿಯಿಂದ ದಬ್ ದಬ್ ಸದ್ದು ಬಂತು. ತಮ್ಮ ಹೊರಬಂದಾಗ ಮುಖದ ತುಂಬಾ ತುಕ್ಕು.

"ಭಾವ, ಚಾಸಿ ಎಲ್ಡು ಕಡೆ ಮುರಿದೈತೆ. ಬೆಸುಗೆ ಹಾಕಿ ಮುಚ್ಚವ್ರೆ. ಇದು ಗುಜರಿ."

"ಏಮ್ರಾ, ಗುಜರಿ ಅಂತೀಯಾ?" ಮಾಲೀಕರು ತೆಲುಗು ಬೆರೆಸಿ ಕೂಗುತ್ತ ಎದ್ದು ನಿಂತರು. "ನಿಮ್ಮಪ್ಪ ಇಂಥ ಗಾಡಿ ಕಂಡಿದ್ನೇನಲೇ?"

"ಕಂಡಿದ್ದ. ಗುಜರಿ ಅಂಗಡ್ಯಾಗೆ."

ಮುದುಕರು ಜಾಕಿಯ ರಾಡು ಎತ್ತಿ ಬೀಸಿಯೇಬಿಟ್ಟರು. ತಮ್ಮ ಬಗ್ಗಿದ, ಪಕ್ಕದ ಕನ್ನಡಿ ಚೂರಾಗಿ ನನ್ನ ಸೀರೆಯ ಮೇಲೆ ಸಿಡಿಯಿತು. ತಮ್ಮ ಸುತ್ತಿಗೆ ಬಿಸಾಕಿ ಮುದುಕರ ಕೊರಳಪಟ್ಟಿ ಹಿಡಿದ. ಬಿಡಿಸಲು ಹೋದ ನನ್ನ ಗಂಡ ಮುಷ್ಟಿ ಬಿಗಿದು ಗುದ್ದಿದ್ದು ತಮ್ಮನ ಬಾಯಿಗೆ.

"ಕೈ ಕೊಟ್ಟೀನಿ ಕಣಲೇ. ನಾಳೆ ಸಂತ್ಯಾಗೆ ನನ್ ಟವೆಲ್ ಕೆಳಗೆ ಯಾವನು ಕೈ ಇಡ್ತಾನೆ?" ಅಂದರು ಇವರು.

ತಮ್ಮ ರಕ್ತ ಉಗುಳಿ ಇವರನ್ನು ತಳ್ಳಿದ. ಇವರ ತಲೆ ತೊಟ್ಟಿಯ ಹಲಗೆಗೆ ಬಡಿಯಿತು. ಮತ್ತೆ ಇವರು ಅವನ ಕತ್ತಿಗೆ ಕೈ ಹಾಕಿದರು. ನಾನು ನಡುವೆ ನುಗ್ಗಿದೆ. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಯಾರ ಮೊಣಕೈ ನನ್ನ ಪಕ್ಕೆಗೆ ತಿವಿಯಿತೋ ಗೊತ್ತಿಲ್ಲ.

"ನನ್ ಗಾಡಿ ಗುಜರಿನಾ? ಚೂಡು, ನೋಡಲೇ" ಎಂದು ಮಾಲೀಕರು ನೆಲದಲ್ಲಿದ್ದ ಸುತ್ತಿಗೆ ಎತ್ತಿ, ಮೈಯ ಬಲವೆಲ್ಲ ಹಾಕಿ ಮಡ್‌ಗಾರ್ಡಿಗೆ ಹೊಡೆದರು. ಠಣ್ಣೆಂದು ಪುಟಿಯುತ್ತದೆ ಅಂದುಕೊಂಡಿದ್ದರೋ ಏನೋ. ಸುತ್ತಿಗೆ ಹಿಡಿಯ ತನಕ ಒಳಗೆ ಹೋಯಿತು. ತಗಡಿನ ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ ರೊಟ್ಟಿಯಷ್ಟಗಲ ಕಿತ್ತು ಕೆಳಗೆ ಬಿತ್ತು. ಅವರು ಎಳೆದರು, ಸುತ್ತಿಗೆ ಬರಲಿಲ್ಲ.

ಎಲ್ಲರ ಕೈಗಳೂ ನಿಂತವು. ಆಗಲೂ ಇವರು ಹಣೆ ಒರೆಸಿಕೊಂಡು, "ಕೈ ಕೊಟ್ಟಾಗೈತೆ. ತಗೊಂತೀನಿ" ಅಂದರು.

ಈ ಮನುಷ್ಯ ನಾಲ್ಕೂವರೆ ಲಕ್ಷ ಕೊಟ್ಟೇ ಬಿಡುತ್ತಾರೆಂದು ನನಗೆ ಖಾತ್ರಿಯಾಯಿತು. ಗಂಡಸರ ವ್ಯಾಪಾರದಲ್ಲಿ ನಾನು ಬಾಯಿ ಹಾಕಿದವಳಲ್ಲ. ಆದರೆ ಇಪ್ಪತ್ತೈದು ವರ್ಷ ಮನೆಯಲ್ಲಿ ಅದೇ ಮಾತು ಕೇಳಿದ್ದೇನೆ. ಕೊಂಡವನು ಕುರಿಯ ಬೆನ್ನಿಗೆ ತನ್ನ ಬಣ್ಣದ ಗುರುತು ಹಾಕುವ ತನಕ ಅದರ ನೋವು ಸಾವು ಮಾರುವವನದು.

ನಾನು ಮಾಲೀಕರತ್ತ ತಿರುಗಿದೆ. "ಯಜಮಾನ್ರೆ, ಬಣ್ಣ ಹಾಕೋಕೆ ಮುಂಚೆ ಕುರಿ ಕಾಲು ಮುರಿದ್ರೆ ಲುಕ್ಸಾನು ಯಾರ್ದು?"

ಅವರು ಸುತ್ತಿಗೆಯ ಹಿಡಿಯಿಂದ ಕೈ ತೆಗೆದರು. "ಮಾರೋನ್ದಮ್ಮ."

"ಗಾಡಿ ಮ್ಯಾಲೆ ನಮ್ ಬಣ್ಣ ಬಿದ್ದೈತಾ?"

"ಇಲ್ಲ."

"ಕಾಲು ಮುರಿದೋರು ಯಾರು?"

ಮಾಲೀಕರು ಮಣ್ಣಿನಲ್ಲಿ ಬಿದ್ದಿದ್ದ ಟವೆಲ್ ಎತ್ತಿ ಕೊಡವಿ ಇವರ ಹೆಗಲಿಗೆ ತಾವೇ ಹಾಕಿದರು. ಕೊಟ್ಟ ಕೈ ವಾಪಸ್ಸು ಬಂದಂತಾಯಿತು, ವ್ಯಾಪಾರ ಅಲ್ಲಿಗೆ ಮುರಿಯಿತು.

ಆಸ್ಪತ್ರೆಯಲ್ಲಿ ತಮ್ಮನ ತುಟಿಗೆ ಮೂರು ಹೊಲಿಗೆ ಬಿದ್ದವು. ಹೇಗಾಯಿತೆಂದು ನರ್ಸ್ ಕೇಳಿದಾಗ ಅವನು, "ಗಾಡಿ ತಾಗ್ತು" ಅಂದ.

"ಓಡ್ತಿತ್ತಾ, ನಿಂತಿತ್ತಾ?"

"ನಿಂತಿತ್ತು."

ಬಾಗಿಲಲ್ಲಿ ನಿಂತಿದ್ದ ಇವರು, "ಗಾಡಿ ಅಲ್ಲ ಸಿಸ್ಟರ್. ನಾನು ಹೊಡೆದದ್ದು, ಹಂಗೇ ಬರ್ಕೊಳ್ರಿ" ಅಂದರು. ತಮ್ಮ ಅವರತ್ತ ನೋಡಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಡ್ರೈವರ್ ಹಿಂದೆ ಹೋಗಿ ಕೂತ. ಚಳ್ಳಕೆರೆಯಲ್ಲಿ ಇಳಿದು, ಬರ್ತೀನಕ್ಕ ಎಂದೂ ಹೇಳದೆ ಗ್ಯಾರೇಜಿನ ದಾರಿ ಹಿಡಿದ. ಇವರೂ ಇಳಿದು ಎರಡು ಹೆಜ್ಜೆ ಅವನ ಹಿಂದೆ ಹೋಗಿ, ಅಲ್ಲೇ ನಿಂತರು.